ಮೋಟುಗೋಡೆಯ ಆಚೆ ಈಚೆ

ಕಳೆದ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಟೀವಿ ಹಾಕಿಕೊಂಡು ಕೂತಿದ್ದೆ. ಕೂತಿದ್ದೆ ಅನ್ನುವುದಕ್ಕಿಂತ ಒರಗಿದ್ದೆ ಅನ್ನಬೇಕು. ಚಂದ್ರಾ ಲೇಔಟಿನ ನಮ್ಮ ಬೀದಿ ಭಾನುವಾರ ಎರಡರಿಂದ ನಾಲ್ಕು ಗಂಟೆಯವರೆಗೆ ಪೂರ್ತಿ ನಿದ್ದೆ ಹೋಗುತ್ತದೆ. ತರಕಾರಿ ಗಾಡಿಯವನೂ ಆ ಹೊತ್ತಿನಲ್ಲಿ ಕೂಗುವುದಿಲ್ಲ. ಹೆಂಡತಿ ಹೋದ ಮೇಲೆ ಈ ಎರಡು ಗಂಟೆಗಳನ್ನು ದಾಟುವುದು ನನಗೊಂದು ದೊಡ್ಡ ಕೆಲಸವಾಗಿದೆ. ಪೇಪರನ್ನು ಬೆಳಿಗ್ಗೆಯೇ ಓದಿ ಮುಗಿಸಿರುತ್ತೇನೆ. ಅದಕ್ಕೇ ಈಚೆಗೆ ಒಂದು ಪುಟವನ್ನು ಮಧ್ಯಾಹ್ನಕ್ಕೆ ಅಂತ ಎತ್ತಿಡುವುದನ್ನು ಕಲಿತಿದ್ದೇನೆ, ಮಕ್ಕಳು ಲಾಡುವಿನ ದ್ರಾಕ್ಷಿಯನ್ನು ಕೊನೆಗೆ ಅಂತ ಎತ್ತಿಡುವ ಹಾಗೆ.

ಟೀವಿಯಲ್ಲಿ ಯಾವುದೋ ದೇಶದ ಸಿನಿಮಾ. ಮಾತು ತಿಳಿಯದು. ಕೆಳಗೆ ಓಡುವ ಇಂಗ್ಲಿಷ್ ಸಾಲನ್ನು ಕನ್ನಡಕ ಸರಿಮಾಡಿಕೊಂಡು ಓದುವಷ್ಟರಲ್ಲಿ ಮುಂದಿನ ಸಾಲು ಬಂದಿರುತ್ತಿತ್ತು. ಆದರೂ ಕತೆ ಅರ್ಥವಾಗುತ್ತಿತ್ತು. ಒಬ್ಬ ಎಪ್ಪತ್ತರ ಮುದುಕ, ಅವನ ಪಕ್ಕದ ಮನೆಯಲ್ಲಿ ಅಷ್ಟೇ ವಯಸ್ಸಿನ ಒಬ್ಬ ಮುದುಕಿ. ಅವನ ಬೆಕ್ಕು ಅವಳ ಅಡಿಗೆಮನೆಗೆ ನುಗ್ಗಿ ಮೀನು ತಿನ್ನುತ್ತದೆ. ಜಗಳವಾಗುತ್ತದೆ. ಜಗಳ ಆಡುವುದಕ್ಕೆ ಅವನು ದಿನಾ ಬರುತ್ತಾನೆ, ಅವಳು ದಿನಾ ಕಾಯುತ್ತಾಳೆ. ಬರಬರುತ್ತಾ ಬೆಕ್ಕು ತೆಪ್ಪಗಿದ್ದ ದಿನವೂ ಇವರಿಬ್ಬರು ಜಗಳಕ್ಕೆ ನೆಪ ಹುಡುಕುತ್ತಾರೆ. ನಗಿಸುವ ಸಿನಿಮಾ. ಖಾಲಿ ಮನೆಯಲ್ಲಿ ನಾನೊಬ್ಬನೇ ಗಟ್ಟಿಯಾಗಿ ನಕ್ಕೆ. ಕೊನೆಯಲ್ಲಿ ಅವರಿಬ್ಬರೂ ಕೈ ಹಿಡಿದುಕೊಂಡು, ಮಂಡಿನೋವಿಗೆ ಒಂದಿಷ್ಟು ಕುಂಟುತ್ತಾ, ಸಮುದ್ರದ ದಂಡೆಯಲ್ಲಿ ನಡೆದುಹೋದರು. ಆಗ ನನಗೆ ನಗು ನಿಂತುಹೋಯಿತು. ಸಿನಿಮಾ ಮುಗಿದು ಸಾಬೂನಿನ ಜಾಹೀರಾತು ಬಂದರೂ ನಾನು ಹಾಗೇ ಕೂತಿದ್ದೆ. ನನಗೆ ನಂಜಮ್ಮನವರ ನೆನಪು ಬಂದಿತ್ತು.

ನಮ್ಮ ಕಾಲದ ಸಿನಿಮಾಗಳನ್ನು ನೋಡಿದವರಿಗೆ ನಾನು ಹೇಳುವುದು ಅರ್ಥವಾದೀತು. ಆಗ ತೆರೆಯ ಮೇಲೆ ವಯಸ್ಸಾದವರಿಗೆ ಪ್ರೀತಿ ಗೀತಿ ಇರಲಿಲ್ಲ, ಕೆಮ್ಮು ಇತ್ತು. ಅಪ್ಪ ಶಾಲು ಹೊದ್ದು ಕೆಮ್ಮುತ್ತಿದ್ದ, ಅಮ್ಮ ದೇವರ ಮುಂದೆ ಕೂತು ಅಳುತ್ತಿದ್ದಳು. ಅಪ್ಪಿತಪ್ಪಿ ಒಬ್ಬ ಮುದುಕನಿಗೆ ಪ್ರೀತಿ ಹುಟ್ಟಿತೋ, ಅವನು ಹಾಸ್ಯಗಾರನೇ ಸರಿ. ಹತ್ತಿಯ ಮೀಸೆ, ಜಾರುವ ಪಂಚೆ, ಕೊನೆಗೆ ಪೊರಕೆ ಏಟು. ಆ ಪೊರಕೆ ಏಟು ಬಿದ್ದಾಗ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಇಂಥ ಒಂದು ನಗುವಿನ ವಿಷಯವನ್ನೇ ನಿಮಗೆ ಹೇಳಬೇಕಾಗಿದೆ. ಐವತ್ತು ವರ್ಷ ಯಾರಿಗೂ ಹೇಳಿಲ್ಲ. ಹೆಂಡತಿಗೆ ಅರ್ಧ ಹೇಳಿದ್ದೆ, ನಾನು ಒಳ್ಳೆಯವನಾಗಿ ಕಾಣುವ ಅರ್ಧವನ್ನು.

ಆಗ ನನಗೆ ಇಪ್ಪತ್ತಮೂರು ವಯಸ್ಸು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದಿದ್ದೆ. ಪೇಟೆಯೊಳಗೆ ಎಲ್ಲೂ ಕೋಣೆ ಸಿಗದೆ, ಆಗಷ್ಟೇ ಏಳುತ್ತಿದ್ದ ರಾಜಾಜಿನಗರಕ್ಕೆ ಹೋಗಿ ಬಿದ್ದೆ. ಈಗಿನ ರಾಜಾಜಿನಗರವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡಿ. ಆಗ ಅದು ಕೆಂಪು ಮಣ್ಣಿನ ಬಯಲು. ನಂಬರು ಬರೆದ ಗಡಿಕಲ್ಲುಗಳು ಸಾಲಾಗಿ ನಿಂತಿದ್ದವು. ಅಲ್ಲೊಂದು ಇಲ್ಲೊಂದು ಮನೆ, ನಡುವೆ ಗಾಳಿ. ಮೆಜೆಸ್ಟಿಕ್ಕಿಗೆ ಹೋಗುವ ಬಸ್ಸು ತಪ್ಪಿದರೆ ಇನ್ನೊಂದು ಗಂಟೆ ಆ ಗಾಳಿಯನ್ನೇ ನೋಡುತ್ತಾ ನಿಲ್ಲಬೇಕಿತ್ತು. ರಸ್ತೆಗಳಿಗೆ ಹೆಸರು ಇತ್ತು, ರಸ್ತೆಗಳು ಇನ್ನೂ ಬಂದಿರಲಿಲ್ಲ.

ನಾನು ಬಾಡಿಗೆಗೆ ಇದ್ದದ್ದು ನಂಜಮ್ಮನವರ ಮನೆಯ ಮುಂಗೋಣೆಯಲ್ಲಿ. ಐವತ್ತೈದರ ಆಚೀಚೆಯ ವಯಸ್ಸು. ಗಂಡ ತೀರಿಕೊಂಡು ಹದಿನೈದು ವರ್ಷವಾಗಿತ್ತು. ಬಡಾವಣೆ ಬರುವ ಮೊದಲು ಅಲ್ಲಿದ್ದ ಹಳ್ಳಿಯ ಒಕ್ಕಲಿನ ಮನೆಯವರು. ಹೊಲವೆಲ್ಲ ಬಡಾವಣೆಗೆ ಹೋಗಿ, ಈ ಹೆಂಚಿನ ಮನೆಯೊಂದು ಉಳಿದಿತ್ತು. ಮಗ ಚಿಕ್ಕಣ್ಣ ಮಾಗಡಿ ರಸ್ತೆಯಲ್ಲಿ ಸೌದೆ ಡಿಪೊ ಇಟ್ಟಿದ್ದ. ಸೊಸೆ ಜಯಮ್ಮ ಮಾತು ಕಡಿಮೆ, ಕೈಕೆಲಸ ಚುರುಕು. ಮನೆಯಲ್ಲಿ ನಂಜಮ್ಮನವರಿಗೆ ಯಾವ ಕೊರತೆಯೂ ಇರಲಿಲ್ಲ, ಕೆಲಸವೊಂದನ್ನು ಬಿಟ್ಟು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ರೂಢಿಯಾದ ಜೀವ. ಎದ್ದು ಏನು ಮಾಡುವುದು? ಬಾಗಿಲಲ್ಲಿ ಕೂತು ಬಯಲು ನೋಡುವರು. ಸಂಜೆ ನಾನು ಕಚೇರಿಯಿಂದ ಬರುವುದನ್ನೇ ಕಾದಿದ್ದು, "ಬಂದ್ಯಾ ಕಣಪ್ಪ? ಬಾ, ಕೂತ್ಕೊ" ಎಂದು ಜಗುಲಿಯ ಮೇಲೆ ಕೂರಿಸಿಕೊಳ್ಳುವರು. ಹೋಟೆಲಿನ ಅನ್ನ ತಿಂದು ಸಪ್ಪಗಾಗಿದ್ದ ನನಗೆ ಒಂದು ಮುದ್ದೆ, ಬಸ್ಸಾರು ಸಿಗುತ್ತಿತ್ತು. ಅದರ ಜೊತೆಗೆ ಕಳೆದುಹೋದ ಹೊಲಗಳ ಕತೆ. ಒಂದೊಂದು ಹೊಲಕ್ಕೂ ಹೆಸರಿತ್ತು. ಬೇಲದಮರದ ಹೊಲ, ಕಲ್ಲುಗುಡ್ಡೆ ಹೊಲ, ಮದುವೆ ಹೊಲ. ನಾನು ಊರಿಗೆ ಹೊಸಬ, ಅವರು ತಮ್ಮ ಊರಿನಲ್ಲೇ ಹೊಸಬರಾದವರು. ನಮ್ಮ ಸ್ನೇಹ ಹಾಗೆ ಕುದುರಿತು.

ಮನೆಯ ಪಕ್ಕದಲ್ಲೊಂದು ಖಾಲಿ ಸೈಟಿತ್ತು. ನಂಜಮ್ಮನವರು ಯಾರನ್ನೂ ಕೇಳದೆ ಅದರಲ್ಲಿ ಅವರೆ ಬಿತ್ತಿಬಿಟ್ಟಿದ್ದರು. ಕಾರ್ತಿಕ ಮಾಸದ ಒಂದು ಬೆಳಿಗ್ಗೆ, ರಜಾ ದಿನ, ಅವರೆ ಹೂ ಬಿಟ್ಟಿದ್ದ ಹೊತ್ತಿನಲ್ಲಿ ಬಸ್ಸಿನಿಂದ ಒಬ್ಬರು ಇಳಿದು ಬಂದರು. ಬಿಳೀ ಪ್ಯಾಂಟು, ಮುಚ್ಚುಗತ್ತಿನ ಕೋಟು, ಕೈಯಲ್ಲಿ ಕೊಡೆ. ಗಡಿಕಲ್ಲಿನ ನಂಬರನ್ನು ಎರಡು ಸಲ ಓದಿದರು. ಜೇಬಿನಿಂದ ಕಾಗದ ತೆಗೆದು ಅದನ್ನೂ ಓದಿದರು.

"ಯಾರಮ್ಮಾ ಇದು, ನನ್ನ ಸೈಟಲ್ಲಿ ಅವರೆ ಹಾಕಿರೋದು?"

ನಂಜಮ್ಮನವರು ಗಿಡಗಳ ನಡುವಿನಿಂದ ಎದ್ದು ನಿಂತರು. "ಸೈಟು ನಿಮ್ದಿರಬೋದು ಯಜಮಾನ್ರೆ. ಮಣ್ಣು ನಮ್ದು. ಇದು ಬೇಲದಮರದ ಹೊಲ. ನಾನು ಮದುವೆಯಾಗಿ ಬಂದಾಗಿಂದ ಇದ್ರಲ್ಲೇ ಮೈ ಮುರಿದಿದೀನಿ."

"ಅದು ಸರಿಯಮ್ಮ. ಆದ್ರೆ ನಾನು ಮನೆ ಕಟ್ಟೋದು ಯಾವಾಗ?"

"ಕಟ್ರಿ, ಬೇಡ ಅಂದೋರು ಯಾರು? ಕಾಯಿ ಬಿಡಿಸ್ಕೊಂಡ್ಮೇಲೆ ಕಟ್ರಿ."

ಬಂದವರು ಆ ಕಡೆ ಈ ಕಡೆ ನೋಡಿ, ಕೊಡೆಯನ್ನು ನೆಲಕ್ಕೆ ಊರಿ, "ಎಷ್ಟು ದಿನ ಆಗುತ್ತೆ?" ಅಂತ ಗಂಭೀರವಾಗಿ ಕೇಳಿದರು. ರೈಲಿನ ವೇಳೆ ಕೇಳಿದ ಹಾಗೆ. ಆಮೇಲೆ ಗೊತ್ತಾಯಿತು, ಅವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ದೊರೆಸ್ವಾಮಿ ಅಂತ ಹೆಸರು. ಹೆಂಡತಿ ಇರಲಿಲ್ಲ. ಕೆಂಗೇರಿ ಸ್ಟೇಷನ್ನಿನ ಹಿಂದೆ ಮಗಳ ಮನೆಯಲ್ಲಿದ್ದರು. ಅವತ್ತಿನಿಂದ ನಂಜಮ್ಮನವರ ಬಾಯಲ್ಲಿ ಅವರು 'ಗಾರ್ಡಪ್ನೋರು' ಆದರು.

ಗಾರ್ಡಪ್ಪ ಬುಧವಾರ ಬುಧವಾರ ಬರತೊಡಗಿದರು. ಬೆಳೆ ಎಲ್ಲಿಗೆ ಬಂತು ಅಂತ ನೋಡುವುದಕ್ಕೆ ಬರುವುದು ಅಂತ ಅವರ ಹೇಳಿಕೆ. ಅವರೆಯ ಸೊಗಡು ಏರಿ, ಕಾಯಿ ಬಲಿತು, ಸಂಕ್ರಾಂತಿಗೆ ಮುಗಿಯಿತು. "ಇನ್ನು ಕಟ್ಟಬಹುದಲ್ಲ ಸಾರ್?" ಅಂತ ನಾನು ಕೇಳಿದೆ. "ಬೇಸಿಗೆಯಲ್ಲಿ ನೀರಿಗೆ ಕಷ್ಟ" ಅಂದರು. ಮೊದಲ ಮಳೆಗೆ ನಂಜಮ್ಮನವರು ಅಲಸಂದೆ ಹಾಕಿದರು. "ಅಲಸಂದೆ ಆಗ್ಲಿ" ಅಂದರು. ಆಮೇಲೆ ಹುರುಳಿ ಬಿತ್ತಿದ್ದಾಯಿತು. "ಹುರುಳಿಗೆ ಏನು, ಬೇಗ ಆಗುತ್ತೆ" ಅಂದರು. ಮನೆಯ ನಕ್ಷೆ ಅವರ ಕೋಟಿನ ಜೇಬಿನಲ್ಲೇ ಮಡಿಕೆಯ ಗುಂಟ ಹರಿಯತೊಡಗಿತು. ಹೊಲದ ಅಂಚಿನಲ್ಲಿ ಎರಡು ಗಡಿಕಲ್ಲುಗಳ ಮೇಲೆ ಇಬ್ಬರೂ ಕೂತು ಮಾತಾಡುತ್ತಿದ್ದರು. ಅವರು ಬೆಂಗಳೂರಿನಿಂದ ಮೈಸೂರಿನವರೆಗಿನ ಸ್ಟೇಷನ್ನುಗಳನ್ನು ಸಾಲಾಗಿ ಹೇಳುವರು. ಕೆಂಗೇರಿ, ಹೆಜ್ಜಾಲ, ಬಿಡದಿ ಅಂತ. ಇವರು ತಮ್ಮ ಹೊಲಗಳನ್ನು ಸಾಲಾಗಿ ಹೇಳುವರು. ಒಬ್ಬರ ಪಟ್ಟಿ ಮುಗಿದರೆ ಇನ್ನೊಬ್ಬರದು.

ಒಂದು ಸಲ ಅವರು ಹೇಳಿದ ಮಾತು ನನಗೆ ಇನ್ನೂ ನೆನಪಿದೆ. "ಗಾರ್ಡಿನ ಡಬ್ಬಿ ಕಟ್ಟಕಡೇದು ನಂಜಮ್ಮನವ್ರೆ. ಡ್ರೈವರು ಊರು ಬರೋದನ್ನ ನೋಡ್ತಾನೆ. ನಾನು ಮೂವತ್ತು ವರ್ಷ ಊರು ಹೋಗೋದನ್ನೇ ನೋಡಿದೀನಿ."

"ಹಂಗಾದ್ರೆ ನಾವಿಬ್ರೂ ಒಂದೇ ಡಬ್ಬೀಲಿದೀವಿ" ಅಂದರು ನಂಜಮ್ಮನವರು. ಇಬ್ಬರೂ ನಕ್ಕರು. ನಾನು ಜಗುಲಿಯ ಮೇಲೆ ಒಬ್ಬನೇ ಕೂತಿದ್ದೆ.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಬುಧವಾರದ ಸಂಜೆಗಳಲ್ಲಿ ನನ್ನನ್ನು "ಬಂದ್ಯಾ ಕಣಪ್ಪ" ಅಂತ ಕೇಳುವವರು ಇರಲಿಲ್ಲ. ಆಮೇಲಾಮೇಲೆ ಉಳಿದ ದಿನಗಳಲ್ಲೂ ಮಾತು ಗಾರ್ಡಪ್ಪನ ಸುತ್ತಲೇ ತಿರುಗುತ್ತಿತ್ತು. "ಗಾರ್ಡಪ್ನೋರು ಹಿಂಗಂದ್ರು, ಗಾರ್ಡಪ್ನೋರು ಹಂಗಂದ್ರು." ಇಪ್ಪತ್ತಮೂರರ ಗಂಡಸು ಅರವತ್ತರ ಮುದುಕನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೆ ಅಂದರೆ ನೀವು ನಗುತ್ತೀರಿ. ನಗಿ. ಹೆಂಗಸಿನ ಮೇಲಿನ ಆಸೆಯಲ್ಲ ಅದು. ಒಂದು ಊರಿನಲ್ಲಿ ನನಗಾಗಿ ಕಾಯುವ ಒಂದೇ ಒಂದು ಜೀವ ಇದ್ದು, ಅದೂ ಕೈಬಿಟ್ಟು ಹೋಗುತ್ತಿದೆಯಲ್ಲ ಎನ್ನುವ ಸಂಕಟ. ಆಗ ಅದಕ್ಕೆ ಹೆಸರು ಗೊತ್ತಿರಲಿಲ್ಲ. ಬಡಾವಣೆಯ ಜನ ಅವರಿಬ್ಬರನ್ನು ನೋಡಿ ಪಿಸುಗುಟ್ಟುವಾಗ ನಾನೂ ತುಟಿಯಂಚಿನಲ್ಲಿ ನಗುವುದನ್ನು ಕಲಿತೆ.

ಆ ಮಾಗಿಯಲ್ಲಿ ಮಾಗಡಿ ರಸ್ತೆಯ ಕಡೆ ಒಂದು ಟೆಂಟ್ ಸಿನಿಮಾ ಬಂತು. ಮೇಲೆ ಕ್ಯಾನ್ವಾಸು, ಕೆಳಗೆ ಮರಳು, ಹಿಂದೆ ನಾಲ್ಕು ಸಾಲು ಬೆಂಚು. ಗಂಡಸರಿಗೆ ಒಂದು ಕಡೆ, ಹೆಂಗಸರಿಗೆ ಒಂದು ಕಡೆ. ನಡುವೆ ಮಣ್ಣಿನದೊಂದು ಮೋಟುಗೋಡೆ, ಕೂತವರ ಭುಜದ ಎತ್ತರ. ಮೊದಲ ವಾರವೇ ನಾನು ಕಚೇರಿಯ ಗೆಳೆಯರ ಜೊತೆ ಹೋಗಿ ಬಂದೆ. ಸಿನಿಮಾದ ಮುಖ್ಯ ಕತೆ ಏನಿತ್ತೋ ಮರೆತಿದ್ದೇನೆ. ಹಾಸ್ಯದ ಭಾಗ ಮರೆತಿಲ್ಲ. ಪೆನ್ಷನ್ ಮುದುಕನೊಬ್ಬ ಸೊಪ್ಪು ಮಾರುವ ಮುದುಕಿಯ ಹಿಂದೆ ಬೀಳುವುದು, ದಿನಾ ಸೊಪ್ಪು ಕೊಳ್ಳುವ ನೆಪದಲ್ಲಿ ಬರುವುದು, ಕೊನೆಗೆ ಅವಳ ಮಗ ಅವನನ್ನು ಪೊರಕೆಯಲ್ಲಿ ಬಾರಿಸಿ ಊರೆಲ್ಲ ಓಡಿಸುವುದು.

ಮುಂದಿನ ಬುಧವಾರ ನಾನೇ ಹೋಗಿ ಅವರಿಬ್ಬರನ್ನೂ ಕರೆದೆ. "ಒಳ್ಳೇ ತಮಾಷೆ ಸಿನಿಮಾ ಬಂದಿದೆ, ಮೊದಲನೇ ಆಟಕ್ಕೆ ಹೋಗಿ ಬರೋಣ" ಅಂದೆ. ಗೊತ್ತಿದ್ದೇ ಕರೆದೆ. ಅವರೂ ನಗಲಿ ಅಂತಲೋ, ಅವರಿಗೂ ಸ್ವಲ್ಪ ಚುಚ್ಚಲಿ ಅಂತಲೋ.

ಸೊಸೆಯನ್ನೂ ಕರೆದುಕೊಂಡು ನಂಜಮ್ಮನವರು ಹೆಂಗಸರ ಕಡೆ ಕೂತರು, ಮೋಟುಗೋಡೆಗೆ ಒತ್ತಿಕೊಂಡೇ. ಗೋಡೆಯ ಈಚೆ ಗಾರ್ಡಪ್ಪ, ಅವರ ಪಕ್ಕದಲ್ಲಿ ನಾನು. ಗಾರ್ಡಪ್ಪ ಹುರಿಗಡಲೆಯ ಪೊಟ್ಟಣವನ್ನು ಗೋಡೆಯ ಮೇಲಿಟ್ಟರು. ಆಚೆಯಿಂದ ಒಂದು ಕೈ, ಈಚೆಯಿಂದ ಒಂದು ಕೈ. ಮುದುಕ ಮೊದಲ ಸಲ ಸೊಪ್ಪು ಕೊಳ್ಳಲು ಬಂದಾಗ ನಂಜಮ್ಮನವರು ಎಲ್ಲರಿಗಿಂತ ಜೋರಾಗಿ ನಕ್ಕರು. "ಅಯ್ಯೋ ಇವನ ಮೀಸೆ ನೋಡ್ರಪ್ಪ!" ಅಂದರು. ಗಾರ್ಡಪ್ಪನೂ ಕೆಮ್ಮು ಬರುವ ಹಾಗೆ ನಕ್ಕರು. ನನಗೆ ಸಮಾಧಾನವಾಯಿತು. ನೋಡು, ಏನೂ ಆಗಲಿಲ್ಲ ಅಂದುಕೊಂಡೆ.

ಆಮೇಲೆ ಪೊರಕೆ ಬಂತು. ಮಗ ಬಾರಿಸುತ್ತಿದ್ದಾನೆ, ಮುದುಕನ ಪಂಚೆ ಜಾರುತ್ತಿದೆ, ಟೆಂಟಿಗೆ ಟೆಂಟೇ ಸಿಳ್ಳೆ ಹಾಕುತ್ತಿದೆ. ಆ ಗಲಾಟೆಯಲ್ಲಿ ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. "ಗಾರ್ಡಪ್ಪೋ, ಹುಷಾರು! ಚಿಕ್ಕಣ್ಣನ ಡಿಪೋಲೂ ಪೊರಕೆ ಐತೆ!"

ನಮ್ಮ ಬಡಾವಣೆಯವರೆಲ್ಲ ಅಲ್ಲೇ ಇದ್ದರು. ಒಂದು ಕ್ಷಣ ಬಿಟ್ಟು ಇಡೀ ಟೆಂಟು ಘೊಳ್ಳೆಂದಿತು. ನಾನೂ ನಕ್ಕೆ. ಬಾಯಿಂದ ಜಾರಿದ ನಗುವಲ್ಲ, ಬೇಕೆಂದೇ ನಕ್ಕಿದ್ದೆ. ಗಾರ್ಡಪ್ಪ ನನ್ನ ಕಡೆ ತಿರುಗಿ ನೋಡಿದರು. ಬೈಯುವ ನೋಟವಲ್ಲ, ಗುರುತು ಹಿಡಿಯಲಾಗದ ಸ್ಟೇಷನ್ನನ್ನು ನೋಡುವ ಹಾಗೆ. ಅವರ ಕೈ ಪೊಟ್ಟಣದ ಮೇಲೆ ಹಾಗೇ ಇತ್ತು. ಗೋಡೆಯಾಚೆ ನಂಜಮ್ಮನವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ತೆರೆಯನ್ನೇ ನೋಡುತ್ತಿದ್ದರು. ರೀಲು ಬದಲಾಯಿಸಲು ದೀಪ ಹಾಕಿದಾಗ ಅವರ ಜಾಗ ಖಾಲಿಯಾಗಿತ್ತು. ಜಯಮ್ಮ, "ಅತ್ತೆಗೆ ತಲೆನೋವಂತೆ" ಅಂತ ಹೇಳಿ ಎದ್ದು ಹೊರಟಳು.

ಮುಂದಿನ ಬುಧವಾರ ಗಾರ್ಡಪ್ಪ ಬಂದಾಗ ನಂಜಮ್ಮನವರು ಹೊರಗೆ ಬರಲಿಲ್ಲ. ಚಿಕ್ಕಣ್ಣ ಬಂದ. ಅವನು ಕೆಟ್ಟವನಲ್ಲ, ದನಿ ಏರಿಸಲೂ ಇಲ್ಲ. "ಯಜಮಾನ್ರೆ, ಮನೆ ಕಟ್ಟೋದಾದ್ರೆ ಕಟ್ಬಿಡಿ. ಇಲ್ಲಾಂದ್ರೆ ಬೇರೆಯೋರಿಗೆ ಕೊಟ್ಬಿಡಿ. ನಾವು ಇಲ್ಲೇ ಬಾಳ್ಬೇಕಾದೋರು. ಜನ ಆಡ್ಕೋತಾರೆ" ಅಂದ. ಗಾರ್ಡಪ್ಪ "ಸರಿಯಪ್ಪ" ಅಂದರು, ಅಷ್ಟೆ.

ನಾನು ಅವರ ಜೊತೆ ಬಸ್ಸಿನ ತನಕ ನಡೆದೆ. ದಾರಿಯಲ್ಲಿ ಅವರು ನಿಂತು, "ಸಾರ್, ಅವರನ್ನ ಒಂದೇ ಒಂದು ಮಾತು ಕೇಳ್ತೀರಾ? ಹುರುಳಿ ಕೀಳೋದಾ, ಬಿಡೋದಾ ಅಂತ. ಅವರು ಏನು ಹೇಳಿದ್ರೆ ಅದು. ಮುಂದಿನ ಬುಧವಾರ ಬಂದು ನಿಮ್ಮನ್ನೇ ಕೇಳ್ತೀನಿ" ಅಂದರು.

ಹುರುಳಿಯ ಮಾತಲ್ಲ ಅದು ಅಂತ ನನಗೆ ಗೊತ್ತಿತ್ತು.

ಆ ವಾರವೆಲ್ಲ ನಾನು ನಂಜಮ್ಮನವರ ಎದುರು ಓಡಾಡಿದೆ. ದಿನಾ ಕೇಳಬೇಕು ಅಂದುಕೊಂಡೆ. ಚಿಕ್ಕಣ್ಣ ಕೋಣೆ ಬಿಡಿಸಿಬಿಟ್ಟರೆ ಎಲ್ಲಿಗೆ ಹೋಗುವುದು ಎನ್ನುವ ಹೆದರಿಕೆ ಇತ್ತು. ಅದಕ್ಕಿಂತ ಹೆಚ್ಚಾಗಿ, ಕೇಳದೆ ಇದ್ದರೆ ನನ್ನ ಸಂಜೆಗಳು ನನಗೆ ವಾಪಸು ಸಿಗುತ್ತವೆ ಎನ್ನುವ ಲೆಕ್ಕ ಇತ್ತು. ಬುಧವಾರ ಬಂತು. ಗಾರ್ಡಪ್ಪ ಮನೆಯ ಹತ್ತಿರ ಬರಲಿಲ್ಲ, ಬಸ್ಸು ನಿಲ್ಲುವಲ್ಲೇ ನನಗಾಗಿ ಕಾದಿದ್ದರು.

"ಕೇಳಿದ್ರಾ?"

"ಕೇಳ್ದೆ ಸಾರ್. ಅವರು ಏನೂ ಹೇಳ್ಲಿಲ್ಲ."

ಅವರು ತಲೆಯಾಡಿಸಿದರು. ಅದೇ ಬಸ್ಸು ತಿರುಗಿ ಹೊರಟಾಗ ಹತ್ತಿಕೊಂಡರು. ಆಮೇಲೆ ಬರಲಿಲ್ಲ.

ನನ್ನ ಲೆಕ್ಕ ತಪ್ಪಿತು. ನಂಜಮ್ಮನವರು ಸಂಜೆ ಜಗುಲಿಗೆ ಬರುವುದನ್ನೇ ನಿಲ್ಲಿಸಿದರು. ನನ್ನ ಊಟವನ್ನು ಜಯಮ್ಮ ತಂದಿಟ್ಟು ಹೋಗುತ್ತಿದ್ದಳು. ಪಕ್ಕದ ಸೈಟಿನಲ್ಲಿ ಹುರುಳಿ ಒಣಗಿ, ಕಾಯಿ ಬಿಸಿಲಿಗೆ ಚಟಚಟ ಒಡೆಯುವ ಸದ್ದು ನನ್ನ ಕೋಣೆಗೆ ಕೇಳುತ್ತಿತ್ತು. ಅಲಸಂದೆಯ ಕಾಲ ಬಂದು ಹೋಯಿತು, ಅವರೆ ಬಿತ್ತುವ ಕಾಲ ಬಂದು ಹೋಯಿತು. ಅವರು ಏನನ್ನೂ ಬಿತ್ತಲಿಲ್ಲ. ನಾನು ಜಗುಲಿಯ ಮೇಲೆ ಒಬ್ಬನೇ ಮುದ್ದೆ ಮುರಿಯುತ್ತಿದ್ದೆ. ಬೇಕು ಅಂದಿದ್ದ ಸಂಜೆಗಳೆಲ್ಲ ಸಿಕ್ಕಿದ್ದವು. ಅವುಗಳಲ್ಲಿ ಯಾರೂ ಇರಲಿಲ್ಲ.

ಭಾದ್ರಪದದಲ್ಲಿ, ಗೌರಿ ಹಬ್ಬ ಮುಗಿದ ನಾಲ್ಕಾರು ದಿನಕ್ಕೆ, ನಂಜಮ್ಮನವರು ಹಿತ್ತಲಲ್ಲಿ ರಾಗಿ ಕೇರುತ್ತಿದ್ದರು. ನೀರು ತರಲು ಹೋದವನನ್ನು ಕರೆದರು.

"ಏನಪ್ಪ, ಗಾರ್ಡಪ್ನೋರು ಹೋಗೋವಾಗ ಏನಾದ್ರೂ ಅಂದ್ರಾ?"

ಒಂಬತ್ತು ತಿಂಗಳು ಆ ಪ್ರಶ್ನೆಯನ್ನು ಅವರು ಬಾಯಲ್ಲೇ ಇಟ್ಟುಕೊಂಡಿದ್ದರು. ನನಗೆ ಇನ್ನೊಂದು ಸುಳ್ಳು ಹೇಳುವ ತ್ರಾಣವಿರಲಿಲ್ಲ. ಹೇಳಿಬಿಟ್ಟೆ, ಗಾರ್ಡಪ್ಪ ಕೇಳಿದ್ದು, ನಾನು ತಲುಪಿಸದೆ ಇದ್ದದ್ದು, ಆಮೇಲೆ ಹೇಳಿದ ಸುಳ್ಳು. ಮೊರ ಒಂದು ಗಳಿಗೆ ನಿಂತು ಮತ್ತೆ ಆಡತೊಡಗಿತು.

"ಹಂಗಾದ್ರೆ ಅವರು ಕೇಳಿದ್ರು."

"ಹೌದು."

"ನೀನು ಹೇಳ್ಲಿಲ್ಲ."

"ಇಲ್ಲ."

"ಯಾಕಪ್ಪಾ?"

"ಹೆದರಿಕೆ ಆಯ್ತು" ಅಂದೆ. ಅರ್ಧ ನಿಜ. ಇನ್ನರ್ಧ ಅವರಿಗೂ ಗೊತ್ತಿತ್ತೇನೋ, ಕೆದಕಲಿಲ್ಲ. ಮೊರದ ಹೊಟ್ಟನ್ನು ಊದಿ, "ಭಾನುವಾರ ನಿಂಗೆ ರಜಾ ಅಲ್ವಾ? ಕೆಂಗೇರಿಗೆ ರೈಲು ಎಷ್ಟೊತ್ತಿಗೆ ಬಿಡುತ್ತೆ ಅಂತ ವಿಚಾರಿಸ್ಕೊಂಡು ಬಾ" ಅಂದರು.

ನಂಜಮ್ಮನವರು ಅದುವರೆಗೆ ರೈಲು ಹತ್ತಿದವರಲ್ಲ. ಕಿಟಕಿಯ ಸರಳನ್ನು ಎರಡು ಕೈಯಲ್ಲೂ ಹಿಡಿದು ಕೂತರು. ನಾಯಂಡಹಳ್ಳಿ ದಾಟಿತು. ಆಮೇಲೆ ತಮ್ಮಷ್ಟಕ್ಕೆ "ಕೆಂಗೇರಿ, ಹೆಜ್ಜಾಲ, ಬಿಡದಿ" ಅಂತ ಹೇಳಿಕೊಳ್ಳತೊಡಗಿದರು. ಮಡಿಲಲ್ಲಿ ಬಟ್ಟೆಯದೊಂದು ಸಣ್ಣ ಗಂಟಿತ್ತು.

ಕೆಂಗೇರಿಯಲ್ಲಿ ಇಳಿದಾಗ ಪ್ಲಾಟ್‌ಫಾರಂನ ಆ ತುದಿಯ ಬೆಂಚಿನ ಮೇಲೆ ಗಾರ್ಡಪ್ಪ ಕೂತಿದ್ದರು. ದಿನಾ ಆ ಹೊತ್ತಿಗೆ ಬಂದು ಕೂರುವುದು ಅವರ ರೂಢಿಯಂತೆ. ಗಾಡಿ ಹೊರಟಿತು. ಕೊನೆಯ ಡಬ್ಬಿಯಲ್ಲಿ ನಿಂತಿದ್ದ ಗಾರ್ಡಿಗೆ ಅವರು ಎದ್ದು ನಿಂತು ಕೈ ಬೀಸಿದರು. ಡಬ್ಬಿ ಕಣ್ಮರೆಯಾಗುವವರೆಗೂ ಆ ಕಡೆಯೇ ನೋಡುತ್ತಿದ್ದರು.

"ಏನ್ ಗಾರ್ಡಪ್ನೋರೆ, ಹೋಗೋ ಗಾಡಿಗೆ ಕೈ ಬೀಸ್ತೀರಲ್ಲ, ಬಂದೋರು ಕಾಣಲ್ವಾ?"

ಅವರು ತಿರುಗಿದರು. ನನ್ನ ಕಡೆ ನೋಡಿ, "ತಿಂಡಿ ಆಯ್ತಾ ಸಾರ್?" ಅಂದರು. ನನ್ನನ್ನು, ಎಲ್ಲರನ್ನೂ ಬಿಟ್ಟು.

ನಂಜಮ್ಮನವರು ಬೆಂಚಿನ ಮೇಲೆ ಕೂತು ಗಂಟು ಬಿಚ್ಚಿದರು. ಹುರುಳಿ. "ನಿಮ್ಮ ಸೈಟಿಂದು. ಒಡೆದು ಬಿದ್ದಿದ್ನ ಒಂದೊಂದೇ ಆರಿಸ್ದೆ. ಒಂದು ಸೇರು ಆಯ್ತು."

"ನೀವು ಏನೂ ಹೇಳ್ಲಿಲ್ಲ ಅಂತ..." ಗಾರ್ಡಪ್ಪ ನನ್ನ ಕಡೆ ನೋಡಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ನಂಜಮ್ಮನವರೇ, "ಈ ಹುಡುಗ ಕೇಳಿದ್ದ. ನಂಗೇ ಸರಿಯಾಗಿ ಕೇಳಿಸ್ಲಿಲ್ಲ. ಕಿವಿ ಮಂದ ಆಗದೆ" ಅಂದುಬಿಟ್ಟರು.

ಅವರೆ ಗಿಡದೊಳಗೆ ಹಾವು ಹರಿದರೆ ಮನೆಯೊಳಗಿಂದ ಕೇಳಿಸಿಕೊಳ್ಳುವ ಕಿವಿ ಅದು. ನಾನು ನೀರು ಕುಡಿಯುವ ನೆಪ ಮಾಡಿ ನಲ್ಲಿಯ ಕಡೆ ಹೋದೆ. ಅಲ್ಲಿಂದ ತಿರುಗಿ ನೋಡಿದೆ. ಗಾರ್ಡಪ್ಪ ಹುರುಳಿಯೊಳಗಿನ ಕಲ್ಲು ಆರಿಸುತ್ತಿದ್ದರು, ನಂಜಮ್ಮನವರು ಆರಿಸಿದ ಕಲ್ಲನ್ನು ಇಸಿದುಕೊಂಡು ಹಳಿಯ ಮೇಲೆ ಎಸೆಯುತ್ತಿದ್ದರು.

ಅಲ್ಲಿಂದಾಚೆ ತಿಂಗಳಿಗೊಂದು ಸಲ ನಂಜಮ್ಮನವರು ಕೆಂಗೇರಿಗೆ ಹೋಗಿಬರತೊಡಗಿದರು. ಎರಡು ಸಲ ನಾನು ಜೊತೆಗೆ ಹೋದೆ. ಮೂರನೆಯ ಸಲ, "ನೀನು ಬರೋದು ಬೇಡ ಕಣಪ್ಪ, ದಾರಿ ಗೊತ್ತು" ಅಂದರು. ಮಗನಿಗೆ ಸುಳ್ಳು ಹೇಳಲಿಲ್ಲ. "ಗಾರ್ಡಪ್ನೋರ ನೋಡ್ಕೊಂಡು ಬರ್ತೀನಿ" ಅಂತ ಬಾಗಿಲಲ್ಲಿ ನಿಂತು ಹೇಳಿದರು. ಚಿಕ್ಕಣ್ಣ ಎರಡು ತಿಂಗಳು ತಾಯಿಯ ಜೊತೆ ಮಾತು ಬಿಟ್ಟ. ಜಯಮ್ಮ ಗಂಡನ ಎದುರು ಏನೂ ಆಡದೆ, ಅತ್ತೆ ಹೊರಡುವ ಹೊತ್ತಿಗೆ ಸರಿಯಾಗಿ ಇಬ್ಬರಿಗಾಗುವಷ್ಟು ರೊಟ್ಟಿ ಕಟ್ಟಿಕೊಡುತ್ತಿದ್ದಳು. ಆಡಿಕೊಳ್ಳುವವರು ಆಡಿಕೊಂಡರು. ಟೆಂಟು ಬೇರೆ ಕಡೆಗೆ ಹೋಯಿತು.

ರಾಜ್ಯ ಒಂದಾದ ಮೇಲೆ ನಮ್ಮ ಕಚೇರಿಯ ಕೆಲವರನ್ನು ಧಾರವಾಡದ ಕಡೆಗೆ ಹಾಕಿದರು, ನಾನೂ ಹೋದೆ. ಅಲ್ಲೇ ಮದುವೆಯಾಯಿತು. ಮೂರು ವರ್ಷದ ಮೇಲೆ ಏನೋ ಕೆಲಸಕ್ಕೆ ಬೆಂಗಳೂರಿಗೆ ಬಂದವನು ಒಂದು ಮಧ್ಯಾಹ್ನ ರಾಜಾಜಿನಗರಕ್ಕೆ ಹೋದೆ. ಪಕ್ಕದ ಸೈಟಿನಲ್ಲಿ ಯಾರದೋ ಮನೆ ಏಳುತ್ತಿತ್ತು. ನಂಜಮ್ಮನವರು ಜಗುಲಿಯ ಮೇಲಿದ್ದರು, ತುಂಬಾ ಸಣ್ಣಗಾಗಿದ್ದರು. "ಬಂದ್ಯಾ ಕಣಪ್ಪ?" ಅಂದರು, ನಾನು ಕಚೇರಿಯಿಂದ ಬಂದ ಹಾಗೆ.

ಗಾರ್ಡಪ್ಪ ತೀರಿಕೊಂಡು ಆರು ತಿಂಗಳಾಗಿತ್ತು. ಇವರಿಗೆ ಯಾರೂ ಸುದ್ದಿ ಹೇಳಿಕಳಿಸಿರಲಿಲ್ಲ. ಎಂದಿನಂತೆ ರೈಲಿನಲ್ಲಿ ಹೋಗಿ, ಬೆಂಚಿನ ಮೇಲೆ ಕೂತು, ಎರಡು ಗಾಡಿ ಬಂದು ಹೋಗುವವರೆಗೆ ಕಾದರಂತೆ. ಆಮೇಲೆ ಸ್ಟೇಷನ್ನಿನ ಪೋರ್ಟರು ಹೇಳಿದನಂತೆ. ರೊಟ್ಟಿಯ ಗಂಟನ್ನು ಅವನಿಗೇ ಕೊಟ್ಟು ಬಂದರಂತೆ.

"ನಾನೇ ಕೇಳ್ದೆ ಕಣಪ್ಪ" ಅಂದರು. "ಆಷಾಢದಲ್ಲಿ. ನಮ್ಮ ಕಡೆ ಕೂಡಿಕೆ ಅಂತ ಮಾಡ್ಕೋತಾರೆ, ಗಂಡ ಸತ್ತೋರಿಗೆ ತಪ್ಪೇನಿಲ್ಲ, ಮಾಡ್ಕೊಳ್ಳಾನ ಅಂದೆ. ನಕ್ಕರು. ನಕ್ಕು ನಕ್ಕು ಕೆಮ್ಮು ಬಂತು. ಆಮೇಲೆ ಸರಿ ಅಂದ್ರು. ಸುಗ್ಗಿ ಕಳೀಲಿ ಅಂದ್ರು. ಸುಗ್ಗಿ ಹೊತ್ತಿಗೆ ಅವರೇ ಇರ್ಲಿಲ್ಲ."

ಪಕ್ಕದಲ್ಲಿ ಕಲ್ಲುಕುಟಿಗರ ಉಳಿಯ ಸದ್ದು.

"ಮೂರು ಸುಗ್ಗಿ ಸಿಕ್ತು ನಮಗೆ. ಸಿಕ್ಕಿದ್ದೇ ಬಂತು" ಅಂದರು. ಆಮೇಲೆ, ನನ್ನನ್ನು ನೋಡದೆ, ಬೈಯುವ ದನಿಯೂ ಅಲ್ಲ, ತಮ್ಮಷ್ಟಕ್ಕೆ ಅಂದ ಹಾಗೆ: "ಆ ಒಂಬತ್ತು ತಿಂಗಳು ಇದ್ದಿದ್ರೆ ನಾಕಾಗ್ತಿತ್ತು."

ಅದೇ ಕೊನೆ, ಮತ್ತೆ ಅವರನ್ನು ನೋಡಲಿಲ್ಲ. ಹೋಗಬಹುದಿತ್ತು. ಹೋಗಲಿಲ್ಲ.

ಹೆಂಡತಿ ತೀರಿಕೊಂಡ ವರ್ಷ ನನಗೆ ಆ ಲೆಕ್ಕ ಮತ್ತೆ ಮತ್ತೆ ನೆನಪಾಗುತ್ತಿತ್ತು. ಮೂವತ್ತೊಂಬತ್ತು ವರ್ಷ ಜೊತೆಗಿದ್ದವನಿಗೆ ಇನ್ನೊಂದು ತಿಂಗಳು ಕೊಡು ಅಂತ ಕೇಳಬೇಕು ಅನ್ನಿಸುತ್ತದೆ. ಅವರಿಬ್ಬರಿಗೆ ಇದ್ದದ್ದೇ ಅಷ್ಟು, ಅದರಲ್ಲೂ ಒಂಬತ್ತು ತಿಂಗಳನ್ನು ನಾನು ಕಿತ್ತುಕೊಂಡಿದ್ದೆ.

ಆ ಟೀವಿ ಸಿನಿಮಾ ನೋಡಿದ ಮರುದಿನ, ಸೋಮವಾರ ಬೆಳಿಗ್ಗೆ, ಎಂದಿನಂತೆ ನಮ್ಮ ಬಡಾವಣೆಯ ಪಾರ್ಕಿಗೆ ಹೋದೆ. ಅಲ್ಲಿ ನಮ್ಮದೊಂದು ಬೆಂಚಿದೆ, ಐದಾರು ಜನ ನಿವೃತ್ತರು. ನಡೆಯುವುದು ಕಡಿಮೆ, ನಡೆಯುವವರನ್ನು ನೋಡುವುದು ಹೆಚ್ಚು. ಈಚೆಗೆ ಎರಡು ತಿಂಗಳಿಂದ ಬ್ಯಾಂಕಿನಲ್ಲಿದ್ದ ನಾಗರಾಜಯ್ಯ, ನರ್ಸ್ ಆಗಿದ್ದ ಕಮಲಮ್ಮ ಒಟ್ಟಿಗೆ ನಡೆಯುತ್ತಾರೆ. ಅವರ ಹೆಂಡತಿಯೂ ಇಲ್ಲ, ಇವರ ಗಂಡನೂ ಇಲ್ಲ. ನಮ್ಮ ಬೆಂಚಿಗೆ ಅದೊಂದು ಹಬ್ಬವಾಗಿಬಿಟ್ಟಿದೆ. ಅವತ್ತೂ ಅವರು ಹತ್ತಿರ ಬರುತ್ತಿದ್ದ ಹಾಗೆ ನಮ್ಮಲ್ಲೊಬ್ಬರು, "ಬಂತು ನೋಡ್ರಪ್ಪ ಮದುವೆ ದಿಬ್ಬಣ" ಅಂದರು. ಎಲ್ಲರೂ ನಕ್ಕು ನನ್ನ ಕಡೆ ನೋಡಿದರು. ಇಂಥದಕ್ಕೆ ಗಟ್ಟಿಯಾಗಿ ನಗುವವನು ಯಾವಾಗಲೂ ನಾನೇ.

ನಾನು ಎದ್ದೆ. ಎದ್ದ ಮೇಲೆ ಏನು ಮಾಡಬೇಕೆಂದು ತಿಳಿಯದೆ, ಅವರಿಬ್ಬರ ಎದುರು ಹೋಗಿ ನಿಂತೆ.

"ಒಂದು ಸುತ್ತು ನಾನೂ ಬರಲಾ?"

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಯಾವ ಬೆಂಚಿನವನು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಕಮಲಮ್ಮ, "ಬನ್ನಿ" ಅಂದರು.

ಅರ್ಧ ಸುತ್ತಿಗೇ ನನಗೆ ಏದುಸಿರು ಬಂತು. "ನೀವು ಹೋಗ್ತಾ ಇರಿ, ನಾನು ನಿಧಾನಕ್ಕೆ ಬರ್ತೀನಿ" ಅಂದೆ. ಅವರು ಹೋದರು. ನಾನು ಹೊಂಗೆ ಮರದ ಕೆಳಗೆ ನಿಂತು ಅವರ ಬೆನ್ನು ನೋಡುತ್ತಿದ್ದೆ. ತಿರುವಿನ ಹತ್ತಿರ ಕಮಲಮ್ಮ ಒಮ್ಮೆ ಹಿಂತಿರುಗಿ ನೋಡಿ, ನಾನು ಇನ್ನೂ ಅಲ್ಲೇ ನಿಂತಿರುವುದನ್ನು ಕಂಡು, ನಾಗರಾಜಯ್ಯನವರ ತೋಳನ್ನು ಮುಟ್ಟಿ ನಿಲ್ಲಿಸಿದರು. ಇಬ್ಬರೂ ನಿಂತರು. ನಾನು ನಡೆಯತೊಡಗಿದೆ.